ಸುಣ್ಣ ಹಿಡಿಯದೆ ಬಿಟ್ಟ ಹೊಗೆ

ಎಂಬತ್ತರ ದಶಕದ ಆರಂಭ. ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ಬೆಟಗೇರಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಹಿತ್ತಿಲ ಗೋಡೆಯ ಆಚೆ ಹಮ್ಮಿಗಿಯ ಕಡೆಯ ಒಬ್ಬ ವಿಧವೆ ಇದ್ದಳು, ಐವತ್ತರ ಆಸುಪಾಸು. ಮೋಟಾರು ರಿಪೇರಿ ಅಂಗಡಿಗಳಿಂದ ಹಳೆಯ ವೈರು ತಂದು ತಗಡಿನ ಡಬ್ಬಿಯಲ್ಲಿ ಸುಟ್ಟು, ಉಳಿದ ತಾಮ್ರ ಮಾರುತ್ತಿದ್ದಳು. ಬೆಂಕಿ ಹಚ್ಚಿದ ದಿನ ನನಗೇ ಕಣ್ಣು ಬಿಡಲಾಗುತ್ತಿರಲಿಲ್ಲ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತಲೇ ಕೆದಕುತ್ತಿದ್ದಳು.

ವೈರಿನ ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುತ್ತದೆ. ಕಾದರೆ ಅದು ಆಮ್ಲದ ಹೊಗೆಯಾಗಿ ಹೊರಬೀಳುತ್ತದೆ. ಲೋಹದ ಆಕ್ಸೈಡ್ ಬೆರೆಸಿ ಕಾಸಿದರೆ ಕ್ಲೋರಿನ್ ಅದರಲ್ಲೇ ಉಳಿಯಬೇಕಲ್ಲ ಎನಿಸಿತು. ಒಂದು ಶನಿವಾರ ಮಧ್ಯಾಹ್ನ ಪ್ರಯೋಗಾಲಯದಲ್ಲಿ ವೈರಿನ ಸಿಪ್ಪೆಗೆ ಮೊದಲು ಕಬ್ಬಿಣದ ತುಕ್ಕು, ಆಮೇಲೆ ಸುಟ್ಟ ಸುಣ್ಣ ಬೆರೆಸಿ ಕಾಸಿದೆ. ತುಕ್ಕಿನ ಹೊಗೆಗೆ ನೀಲಿ ಲಿಟ್ಮಸ್ ಕಾಗದ ನಿಧಾನವಾಗಿ ಕೆಂಪಾಯಿತು. ಸುಣ್ಣ ಬೆರೆಸಿದಾಗ ನೀಲಿಯಾಗಿಯೇ ಉಳಿಯಿತು. ಅಂದೇ ಸಂಜೆ ಹೋಗಿ ಹೇಳಿದೆ.

"ಅವ್ವಾ, ವೈರಿನ ಕೂಡ ಸುಟ್ಟ ಸುಣ್ಣ ಹಾಕ್ರಿ. ಹೊಗಿ ಕಣ್ಣಿಗೆ ಹತ್ತೂದಿಲ್ಲ."

"ಖರೇನ ಏನೂ ಆಗೂದಿಲ್ಲೇನ್ರಿ, ಅಕ್ಕಾರ?"

"ಏನೂ ಆಗೂದಿಲ್ಲ."

ನಾನು ಅಳೆದದ್ದು ಆಮ್ಲವನ್ನು ಮಾತ್ರ. ಆ ಕಪ್ಪು ಹೊಗೆಯಲ್ಲಿ ಇನ್ನೂ ಏನೇನಿತ್ತೋ, ನಾನು ನೋಡಿರಲಿಲ್ಲ.

ಘಾಟು ಹೋಯಿತು. ಆಕೆ ಮೂಗಿನ ಮೇಲಿನ ಸೆರಗು ತೆಗೆದಳು. ತಿಂಗಳೊಳಗೆ ಡಬ್ಬಿ ಅಡುಗೆಮನೆಯ ಪಕ್ಕದ ಪಡಸಾಲೆಗೆ ಬಂತು. "ಹೊರಗ ಸುಟ್ರ ಮಂದಿ ಬೈತಾರ್ರಿ. ಈಗ ವಾಸನಿ ಇಲ್ಲಲ್ಲ," ಅಂದಳು. ಗೋಡೆಗೆ ಮಸಿ ಹತ್ತಿದ್ದು ಕಂಡಿತು. ಬೇಡವೆನ್ನಬೇಕಿತ್ತು. ಆದರೆ ಅದೇ ವಾರ ಕಾಲೇಜಿನಲ್ಲಿ ಆ ಪ್ರಯೋಗ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಸುಮ್ಮನೆ ಬಂದೆ.

ಎರಡು ವರ್ಷಕ್ಕೆ ಆಕೆಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಟಾಂಗಾದಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿ ಕರೆದೊಯ್ದೆ. ಅವರು ಎದೆ ಪರೀಕ್ಷಿಸಿ, ಆಕೆಯ ಕೆಲಸದ ವಿಷಯ ವಿಚಾರಿಸಿ, "ಒಳಗ ಕುಂತು ಯಾಕ ಸುಟ್ರಿ?" ಎಂದು ಕೇಳಿದರು.

"ಅಕ್ಕಾರು ಸುಣ್ಣದ ಉಪಾಯ ಹೇಳಿದ್ರಲ್ರಿ," ಎಂದು ಆಕೆ ನನ್ನ ಕೈ ಹಿಡಿದುಕೊಂಡಳು. "ಇವರ ಪುಣ್ಯದಿಂದ ಕಣ್ಣಾದ್ರೂ ಉಳದಾವ."

ಡಾಕ್ಟರು ನನ್ನನ್ನೊಮ್ಮೆ ನೋಡಿ ಚೀಟಿ ಬರೆಯತೊಡಗಿದರು. ಆ ಒರಟು ಕೈಯ ಬಿಸಿ ಈಗಲೂ ಒಮ್ಮೊಮ್ಮೆ, ಪಾಠದ ನಡುವೆಯೇ, ನನ್ನ ಅಂಗೈಗೆ ಬಂದು ಕೂರುತ್ತದೆ. ಆಗ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ.

ಆಕೆಯ ತಮ್ಮ ಬಂದು ಆಕೆಯನ್ನು ಹಮ್ಮಿಗಿಗೆ ಕರೆದೊಯ್ದ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡ ಖಬರು ಬಂತು. ತಪ್ಪು ಒಪ್ಪಿಕೊಳ್ಳಬೇಕೆಂದೇ ಮುಂಡರಗಿಯಲ್ಲಿ ಬಸ್ಸು ಬದಲಿಸಿ ಹೋದೆ. ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟಳು.

"ಕಡೀತನಕಾ ನಿಮ್ಮನ್ನ ನೆನಸ್ತಿದ್ರು. ಕುಂಡ್ರಿ, ಉಂಡ ಹೋಗ್ರಿ," ಅಂದಳು.

ಎರಡು ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ತಲೆ ತಗ್ಗಿಸಿ ಉಂಡೆ. ಹೇಳಲು ಹೋದದ್ದನ್ನು ಹೇಳದೆ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.