ಚಪ್ಪಲಿ ಹರಡುವ ಚೂರಕ್ಕ

ಬೆಳಗಿನ ಐದೂವರೆ. ಚಿತ್ರೀಕರಣದ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿ ಒಂದು ಮಂಡಿಯೂರಿದ ಹೆಂಗಸೊಬ್ಬರು ಎಡಗಾಲಿನ ಕಪ್ಪು ಚಪ್ಪಲಿಯನ್ನು ನೆಲಕ್ಕಿಟ್ಟು, ಹಿಂದೆ ಸರಿದು ನೋಡಿ, ಮತ್ತೆ ಬಂದು ಮಗುಚಿ ಹಾಕುತ್ತಾರೆ.

"ಚಪ್ಪಲಿ ನೆಟ್ಟಗೆ ಕೂತ್ರೆ ಸುಳ್ಳು ಅನ್ಸುತ್ತೆ," ಎನ್ನುತ್ತಾರೆ. ಬಾಗಿಲ ಕಡೆ ನೋಡುತ್ತಾರೆ. ಹತ್ತು ನಿಮಿಷದಲ್ಲಿ ಇದು ನಾಲ್ಕನೇ ಸಲ.

ಬಾಂಬ್ ದಾಳಿಯಲ್ಲಿ ಬದುಕುಳಿದವರ ಕುರಿತ ಚಿತ್ರ ಇದು. ಶೆಡ್ಡಿನೊಳಗೆ ಬಸ್ ನಿಲ್ದಾಣ ಎದ್ದಿದೆ. ಅದರ ನೆಲಕ್ಕೆ ಅವಶೇಷ ಹರಡುವುದು ಇವರ ಕೆಲಸ: ಎರಡು ಮೂಟೆ ಮೆತ್ತನೆಯ ಪ್ಲಾಸ್ಟಿಕ್ 'ಗಾಜು', ಮುರಿದ ಬೆಂಚು, ಮೂವತ್ತನಾಲ್ಕು ಜೋಡಿ ಚಪ್ಪಲಿ. ಪ್ರತಿ ಟೇಕ್ ಮುಗಿದ ಮೇಲೆ ಎಲ್ಲವೂ ಮೊದಲಿದ್ದ ಜಾಗಕ್ಕೇ ಬರಬೇಕು. ಗಾಜಿನ ಚೂರಿನ ದೆಸೆಯಿಂದ ಇಲ್ಲಿ ಎಲ್ಲರಿಗೂ ಇವರು ಚೂರಕ್ಕ.

"ಹತ್ತೊಂಬತ್ತು ವರ್ಷ ಕಸ ಗುಡಿಸಿದೆ, ಒಬ್ರೂ ತಿರುಗಿ ನೋಡ್ಲಿಲ್ಲ. ಈಗ ಕಸ ಚೆಲ್ಲಿದ್ರೆ 'ಭೇಷ್ ಅಕ್ಕ' ಅಂತಾರೆ. ಲೋಕಾನೇ ತಲೆಕೆಳಗು!"

ಗುಡಿಸಿದ್ದು ನಿಜವಾದ ಬಸ್ ನಿಲ್ದಾಣವನ್ನು. ಏಳು ವರ್ಷದ ಹಿಂದೆ ಅಲ್ಲಿ ಬೆಂಚಿನಡಿ ಬಾಂಬ್ ಸಿಡಿದಾಗ ಚೂರಕ್ಕ ಕಂಬದ ಹಿಂದೆ ಕಸದ ಡಬ್ಬಿ ಖಾಲಿ ಮಾಡುತ್ತಿದ್ದರು. ಬಲಗಿವಿ ಹೋಯಿತು, ಒಂದು ಮಂಡಿಗೆ ರಾಡ್ ಬಂತು. ಆಂಬುಲೆನ್ಸ್ ಬರುವವರೆಗೆ ಅವರು ಮಾಡಿದ್ದು ಒಂದೇ: ಚೆಲ್ಲಾಪಿಲ್ಲಿಯಾದ ಚಪ್ಪಲಿಗಳನ್ನು ಹೆಕ್ಕಿ, ಜೋಡಿ ಹುಡುಕಿ ಗೋಡೆಗೆ ಸಾಲಾಗಿ ಇಟ್ಟಿದ್ದು.

"ಹುಡುಕ್ಕೊಂಡು ಬರ್ತಾರಲ್ಲ ಪಾಪ, ಸಿಗಲಿ ಅಂತ. ಒಂಬತ್ತು ಜೋಡಿ ಆಗಿತ್ತು. ಅಷ್ಟರಲ್ಲಿ ನನ್ನನ್ನ ಎತ್ತಾಕ್ಕೊಂಡು ಹೋದ್ರು. ಯಾರು ಬಂದ್ರು, ಯಾರು ಬರ್ಲಿಲ್ಲ, ಗೊತ್ತಾಗ್ಲೇ ಇಲ್ಲ."

ಸೆಟ್ಟಿಗೆ ಬಂದ ಮೊದಲ ದಿನವೇ ಎಡವಟ್ಟು. ಕಲಾ ವಿಭಾಗದವರು ಎರಡು ಗಂಟೆ ಬೆವರು ಸುರಿಸಿ ಹರಡಿದ್ದ ಚಪ್ಪಲಿಗಳನ್ನೆಲ್ಲ ಇವರು ಚಹಾ ವಿರಾಮದಲ್ಲಿ ಜೋಡಿ ಮಾಡಿ ಗೋಡೆಗೆ ಸಾಲುಗಟ್ಟಿಸಿಬಿಟ್ಟಿದ್ದರು. ಕಲಾ ನಿರ್ದೇಶಕರು ಕೂಗಾಡಿದರು. ಆಮೇಲೆ ಕಾರಣ ಕೇಳಿ, ಹರಡುವ ಕೆಲಸವನ್ನು ಇವರಿಗೇ ಒಪ್ಪಿಸಿದರು.

ಇಷ್ಟು ದಿನ ಸ್ಫೋಟದ ನಂತರದ ದೃಶ್ಯಗಳು ನಡೆದವು. ಇವತ್ತು ಕತೆಯಲ್ಲಿ ಎರಡನೇ ಬಾಂಬ್ ಸಿಡಿಯುತ್ತದೆ, ಸದ್ದು ಸಮೇತ. ಮೂರು ಟೇಕ್ ಮುಗಿಯುವ ತನಕ ಬಾಗಿಲು ತೆರೆಯುವಂತಿಲ್ಲ. ಮನೆಯಲ್ಲಿ ಕುಕ್ಕರ್ ಕೂಗುವ ಮೊದಲೇ "ಅಮ್ಮಾ, ವಿಷಲ್ ಬರುತ್ತೆ!" ಎಂದು ಎಚ್ಚರಿಸುವ ಮಗಳು ನಿನ್ನೆಯಿಂದ ಮುನಿಸಿಕೊಂಡಿದ್ದಾಳೆ. "ಹೋದ್ರೆ ನನ್ನ ಹತ್ರ ಮಾತಾಡ್ಬೇಡ," ಎಂದಿದ್ದಾಳಂತೆ.

"ಹೊರಗೆ ಕೂತ್ಕೊಳ್ಳಿ ಅಕ್ಕ, ಇವತ್ತೊಂದಿನ ಬೇರೆಯವರು ಮಾಡ್ತಾರೆ," ಎನ್ನುತ್ತಾರೆ ಕಲಾ ನಿರ್ದೇಶಕರು.

"ಇವತ್ತು ಹೊರಗೆ ಕೂತ್ರೆ ನಾಳೆ ಒಳಗೆ ಯಾರು ಕರೀತಾರೆ ಸಾರ್? ಹಾಕ್ಸಿ ಬಾಗಿಲು."

ಬಾಗಿಲು ಮುಚ್ಚುತ್ತದೆ. ಢಮ್! ಹೊಗೆ, ಧೂಳು, ಕಿರುಚಾಟ. "ಕಟ್" ಎಂದ ಮೇಲೂ ಚೂರಕ್ಕ ತಾವು ಆತುಕೊಂಡಿದ್ದ ಶೆಡ್ಡಿನ ಕಂಬ ಬಿಟ್ಟು ಅಲುಗುವುದಿಲ್ಲ. ಅಲುಗಿದಾಗ ನೇರ ಚಪ್ಪಲಿಗಳ ಕಡೆ ಹೋಗುತ್ತಾರೆ. ಒಂದು ಜೋಡಿ ಗೋಡೆಗೆ. ಎರಡು. ಮೂರು. ನಾಲ್ಕು.

"ಅಕ್ಕಾ..." ಕಲಾ ನಿರ್ದೇಶಕರು ಎಡಗಿವಿಯ ಪಕ್ಕ ಕೂರುತ್ತಾರೆ. "ಇದು ಸಿನಿಮಾ."

ಚೂರಕ್ಕ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರೆ. "ಹಾಳಾದ ಕೈ, ನನ್ನ ಮಾತೇ ಕೇಳಲ್ಲ," ಎಂದು ನಾಲ್ಕೂ ಜೋಡಿಯನ್ನು ಎತ್ತಿ, ಒಂದೊಂದನ್ನೂ ಅದರದರ ಜಾಗಕ್ಕೆ ಮಗುಚುತ್ತಾರೆ.

ಎರಡನೇ ಟೇಕಿಗೆ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಿಲ್ಲುತ್ತಾರೆ. ಮೂರನೆಯದಕ್ಕೆ ಕಂಬದ ಆಸರೆಯಿಲ್ಲ. ಸದ್ದಿಗೆ ಬೆಚ್ಚುತ್ತಾರೆ, ಆದರೆ ಜಾಗ ಬಿಡುವುದಿಲ್ಲ.

ಬಾಗಿಲು ತೆರೆದಾಗ ಫೋನಿನಲ್ಲಿ ಮಗಳ ಹನ್ನೊಂದು ಮಿಸ್ಡ್ ಕಾಲ್. "ಮಾತಾಡ್ಬೇಡ ಅಂದೋಳು!" ಎಂದು ನಗುತ್ತಾರೆ. ಫೋನನ್ನು ಎಡಗಿವಿಗೆ ಒತ್ತಿಕೊಳ್ಳುತ್ತಾರೆ.

ಮುಂದಿನ ವಾರ ಸೆಟ್ ಕೆಡವುತ್ತಾರೆ. ಅದಕ್ಕೂ ಮೊದಲು ಒಂದು ಗಂಟೆ ಅದನ್ನು ತಮಗೆ ಬಿಟ್ಟುಕೊಡಿ ಎಂದು ಚೂರಕ್ಕ ಕೇಳಿದ್ದಾರೆ. ಕ್ಯಾಮೆರಾ ಬೇಡವಂತೆ.

"ಮೂವತ್ತನಾಲ್ಕೂ ಜೋಡ್ಸಿ ಗೋಡೆಗೆ ಇಟ್ಟು ಹೋಗ್ತೀನಿ. ಅವತ್ತು ಒಂಬತ್ತಕ್ಕೇ ನಿಂತೋಯ್ತು ನೋಡಿ. ಕೆಲ್ಸ ಅರ್ಧಕ್ಕೆ ಬಿಟ್ಟೋಳು ಅಂತ ನನ್ನನ್ನ ಯಾರೂ ಅನ್ನಬಾರ್ದು."