ಆಣೆ ಇಡದ ಪಾಪಮ್ಮತ್ತೆ

ನಮ್ಮ ವಂಶದಲ್ಲಿ ಹೆಣ್ಣುಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಊರ ಮಾರಮ್ಮನ ಗುಡಿಗೆ ಅವರೇ ಧರ್ಮಕರ್ತರು. ನಾನು ಹೊಸೂರಿನ ಕಾಲೇಜಿಗೆ ಸೇರಿದ ದಿನ ಗುಡಿಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು: "ಬರ್ದಿಟ್ಕೊಳ್ರಲಾ. ಎರ್ಡು ವರ್ಷ ತಡೆಯಲ್ಲ ಇದು." ಅವರ ಬಗ್ಗೆ ಬರೆದು ಕಾಗದ ಹಾಳು ಮಾಡುವ ಆಸೆ ನನಗಿಲ್ಲ. ಬರೆಯಬೇಕಾದ್ದು ಅವರ ತಂಗಿಯ ಬಗ್ಗೆ, ಅಂದರೆ ನಮ್ಮಪ್ಪನ ಅಕ್ಕ, ನನ್ನ ಸೋದರತ್ತೆ ಪಾಪಮ್ಮನ ಬಗ್ಗೆ.

ಪಾಪಮ್ಮತ್ತೆ ಆಣೆ ಇಡುತ್ತಿರಲಿಲ್ಲ. ತಮಿಳುನಾಡಿಗೆ ಸೇರಿದ ನಮ್ಮ ಬಾಗಲೂರು ಕಡೆ ಮಾತಿಗಿಂತ ಮುಂಚೆ ಆಣೆ ಬರುತ್ತದೆ. ದೇವರಾಣೆ, ತಾಯಾಣೆ, ಮಗನ ತಲೆ ಮೇಲಾಣೆ. ಹಾಲು ಹಾಕುವವನು ನೀರು ಬೆರೆಸಿಲ್ಲ ಎನ್ನುವುದಕ್ಕೂ ದೇವರನ್ನು ಕರೆಯುತ್ತಾನೆ. ಅತ್ತೆಯ ಬಾಯಲ್ಲಿ ಆ ಮಾತನ್ನು ನಾನು ಒಂದು ಸಲವೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ನಾವು "ದೇವ್ರಾಣೆ ನಾನ್ ತಗೊಂಡಿಲ್ಲ" ಎಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. "ತಗೊಂಡಿಲ್ಲ ಅಂದ್ರೆ ತಗೊಂಡಿಲ್ಲ ಅನ್ನು. ಮಾರಮ್ಮನ್ನ ಯಾಕೆ ಎಳೀತೀಯ? ಅವ್ಳಿಗೇನ್ ಬೇರೆ ಕೆಲ್ಸ ಇಲ್ವಾ?"

ಒಮ್ಮೆ ನೆಂಟರ ಮನೆಗೆಂದು ಕೆಲಮಂಗಲಕ್ಕೆ ಹೋದಾಗ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆವು. ಬೆಳಗ್ಗೆ ತಾನೇ ಕಿತ್ತದ್ದು ಎಂದು ವ್ಯಾಪಾರಿ ಮೊದಲು ತಮಿಳಿನಲ್ಲಿ ಆಣೆ ಇಟ್ಟ. ಅತ್ತೆ ಕೈಲಿದ್ದ ಕಾಯಿ ಕೆಳಗಿಟ್ಟಳು. ಅವನು ತೆಲುಗಿಗೆ ಬಂದ, ಕೊನೆಗೆ ಕನ್ನಡಕ್ಕೂ ಬಂದ. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಮೂರು ಭಾಷೇಲಿ ಆಣೆ ಇಡ್ತವ್ನೆ. ಒಳ್ಗೆಲ್ಲ ಹುಳಾನೇ ಇರ್ತದೆ. ಬಾರೆ."

ಅವಳು ದುಡಿಯುತ್ತಿದ್ದದ್ದು ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ. ಹೂವಿನ ಕಡ್ಡಿಗಳನ್ನು ಕತ್ತರಿಸಿ, ಉದ್ದ ನೋಡಿ ಬೇರೆ ಮಾಡಿ ಕಟ್ಟು ಕಟ್ಟುವ ಕೆಲಸ. ಒಂದು ದಿನ ಯಾವ ಗುಂಗಿನಲ್ಲಿದ್ದಳೋ, ಇನ್ನೂ ಬಲಿಯದ ಮೊಗ್ಗುಗಳನ್ನು ಒಂದು ಸಾಲು ಪೂರ್ತಿ ಕತ್ತರಿಸಿಬಿಟ್ಟಳು. ಯಾರೂ ನೋಡಿರಲಿಲ್ಲ. ತಾನೇ ಹೋಗಿ ಸೂಪರ್‌ವೈಸರಿಗೆ ಹೇಳಿ, ಮೂರು ದಿನ ಕೆಲಸ ಕಳೆದುಕೊಂಡು ಮನೆಗೆ ಬಂದಳು. ಯಾಕತ್ತೆ ಹೇಳಿದೆ ಎಂದೆ. "ನಾಳೆ ಕೇಳ್ತಿದ್ರು. ಆಗ ಸುಳ್ಳು ಹೇಳ್ಬೇಕಾಗ್ತಿತ್ತು. ಅದ್ಯಾರಿಗ್ ಬೇಕು ತಲೆನೋವು," ಎಂದು ಕಾಲು ಚಾಚಿ ಮಲಗಿದಳು. ಆ ಮೂರು ದಿನವೂ ಕಣ್ತುಂಬ ನಿದ್ದೆ ಮಾಡಿದಳು.

ಭಕ್ತಿ ಇರಲಿಲ್ಲ ಅಂತಲ್ಲ. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಮಾರಮ್ಮನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಪಕ್ಕದ ಮನೆಯವಳ ಹತ್ತಿರ ಮಾತಾಡುವ ಹಾಗೆ ದೇವಿಯ ಹತ್ತಿರ ಮಾತಾಡುತ್ತಿದ್ದಳು.

ಎರಡನೇ ವರ್ಷದಲ್ಲಿ ಅದು ನಡೆಯಿತು. ಕಾಲೇಜಿನಿಂದ ಬರುವಾಗ ಅವಲಪಲ್ಲಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕತ್ತಲಾಗುವ ಹೊತ್ತು. ನಮ್ಮ ಕ್ಲಾಸಿನ ಹುಡುಗನೊಬ್ಬ ಬೈಕಿನಲ್ಲಿ ಬಾಗಲೂರಿಗೆ ತಂದು ಬಿಟ್ಟ. ಇಳಿದು ಥ್ಯಾಂಕ್ಸ್ ಹೇಳಿದೆ, ಅವನು ಹೋದ. ಅಷ್ಟೇ. ನಮ್ಮೂರಿನ ಯಾರೋ ನೋಡಿದ್ದರು. ಗುಡಿಕಟ್ಟೆಗೆ ಸುದ್ದಿ ಮುಟ್ಟುವಷ್ಟರಲ್ಲಿ ನಾನು ಅವನ ಜೊತೆ ಮೂರು ದಿನ ಊರೂರು ಸುತ್ತಿದ್ದೆ.

ದೊಡ್ಡಪ್ಪ ತೀರ್ಪು ಕೊಟ್ಟರು. ಶುಕ್ರವಾರ ದೇವಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ನಾನು ತಪ್ಪು ಮಾಡಿಲ್ಲ ಎಂದು ಹೇಳಬೇಕು. ಹೇಳಿದರೆ ಕಾಲೇಜು, ಇಲ್ಲದಿದ್ದರೆ ಮನೆ. ನಮ್ಮ ಕಡೆ ಹೊಲದ ಗಡಿ ಜಗಳದಿಂದ ಕೋಳಿ ಕಳವಿನವರೆಗೆ ಎಲ್ಲದಕ್ಕೂ ಇದೇ ಕೋರ್ಟು. ಇದೇ ದೊಡ್ಡಪ್ಪ ಗಡಿಕಲ್ಲು ಸರಿಸಿಲ್ಲವೆಂದು ಇದೇ ಗುಡಿಯಲ್ಲಿ ಕರ್ಪೂರ ಆರಿಸಿದ್ದರು. ಕಲ್ಲು ಸರಿದದ್ದು ಇಡೀ ಊರಿಗೆ ಗೊತ್ತು. ಗುದ್ದಲಿ ಹಿಡಿದು ದಪ್ಪಗಾದ ಅಂಗೈಯನ್ನು ಪಟ್ಟನೆ ಅದುಮಿ ತೆಗೆದರೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಬೈಕು ಓಡಿಸಿದವನೂ ಪಕ್ಕದೂರಿನವನೇ. ಅವನನ್ನು ಯಾರೂ ಕರೆಸಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಶುಕ್ರವಾರ ಗುಡಿ ಮುಂದೆ ಜನ ಸೇರಿದ್ದರು. ಅಪ್ಪ ತಲೆ ತಗ್ಗಿಸಿ ಕಂಬದ ಪಕ್ಕ ನಿಂತಿದ್ದರು. ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿದರು. ನನಗೆ ಹೆದರಿಕೆ ಇರಲಿಲ್ಲ, ತಪ್ಪು ಮಾಡಿರಲಿಲ್ಲವಲ್ಲ. ಮುಗಿದರೆ ಸಾಕೆಂದು ಕೈ ಚಾಚಿದೆ. ಹಿಂದಿನಿಂದ ಬಂದು ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಇವ್ಳು ಆರ್ಸಲ್ಲ ಕಣಣ್ಣ."

"ಯಾಕೆ, ತಪ್ಪು ಮಾಡವ್ಳಾ?" ಎಂದರು ದೊಡ್ಡಪ್ಪ.

"ಮಾಡಿಲ್ಲ ಅಂತ ಹೇಳವ್ಳೆ. ನಾನ್ ಕೇಳಿವ್ನಿ. ಅಷ್ಟು ಸಾಲ್ದು ಅನ್ನೋರ್ಗೆ ಕರ್ಪೂರಾನೂ ಸಾಲಲ್ಲ."

"ಹಂಗಾದ್ರೆ ಅವ್ಳ ಪರವಾಗಿ ನೀನ್ ಆರ್ಸು."

ಅತ್ತೆ ಆರಿಸಲಿಲ್ಲ. ನನ್ನ ಕೈ ಬಿಡಲೂ ಇಲ್ಲ. ಅಷ್ಟೂ ಜನ ನೋಡುತ್ತಿರುವಂತೆಯೇ ಕರ್ಪೂರ ತಾನಾಗಿ ಉರಿದು ಮುಗಿಯಿತು. ತಟ್ಟೆಯಲ್ಲಿ ಕಪ್ಪು ಕಲೆ ಉಳಿಯಿತು. ಆಣೆಗೆ ಹೆದರುವವಳು ಕಳ್ಳಿ ಎಂದು ಊರು ತೀರ್ಮಾನಿಸಿತು. ಕೆಲವು ದಿನ ಮನೆಯಲ್ಲಿರು ಎಂದು ಅಪ್ಪ ನನಗೆ ಹೇಳಿದರು.

ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ. ಮೂರು ವಾರ ಅವಳ ಮುಖ ನೋಡಲಿಲ್ಲ. ಒಂದು ಗಳಿಗೆ ಕೈ ಇಟ್ಟಿದ್ದರೆ ಕ್ಲಾಸಿನಲ್ಲಿ ಇರುತ್ತಿದ್ದೆ, ನಿನ್ನ ಜಂಬಕ್ಕೆ ನನ್ನ ಓದು ಹೋಯಿತು ಎಂದು ಒಂದು ದಿನ ಬೈದೇಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು.

"ನಾನ್ ಆರ್ಸಿದ್ದೆ ಕಣೇ. ಗಂಡನ್ ಮನೇಲಿ. ನಿಜಾನೇ ಹೇಳಿದ್ದೆ. ಕೈಯೆಲ್ಲ ಬೊಬ್ಬೆ ಬಂತು. ನಿಜ ಹೇಳಿದ್ರೆ ಬೇಯ್ತಿರಲಿಲ್ಲ ಅಂದ್ರು. ಕೈ ಬೇಯ್ದೆ ಇದ್ದಿದ್ರೆ ಬಿಡ್ತಿದ್ರು ಅನ್ಕೊಂಡಾ? ಮುಂದಿನ್ ತಿಂಗ್ಳು ಇನ್ನೊಂದು ಹಚ್ಚೋರು. ಒಂದ್ ಸಲ ಆರ್ಸಿದೋಳು ಸಾಯೋಗಂಟ ಆರಿಸ್ತಾನೇ ಇರ್ಬೇಕು."

ಅವಳು ಯಾಕೆ ತವರಿಗೆ ಬಂದಳು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೋಗಿ ಕರೆತಂದವರು ದೊಡ್ಡಪ್ಪನೇ. ಆ ಬೊಬ್ಬೆಯನ್ನು ಕಣ್ಣಾರೆ ನೋಡಿದವರು ನನ್ನ ಮುಂದೆ ಕರ್ಪೂರ ಹಚ್ಚಿದ್ದರು.

ಆ ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದಾಗ ಅತ್ತೆ ಅವರ ಎದುರಿಗೆ ಕೂತಳು. "ಲೋ, ಇಪ್ಪತ್ತು ವರ್ಷ ಸಾಕಿದ್ದೀಯ. ಇವ್ಳು ಸುಳ್ಳು ಹೇಳೋಳಾ? ದೇವ್ರನ್ನ ಕೇಳ್ಬೇಡ, ನಿಂಗ್ ಗೊತ್ತಿರೋದ್ ಹೇಳು." ಅಪ್ಪ ಬುತ್ತಿ ಡಬ್ಬಿ ಕೆಳಗಿಟ್ಟು, ಅಲ್ಲ ಎಂದರು. ಸೋಮವಾರ ಶಿಫ್ಟಿಗೆ ಹೋಗುವಾಗ ಅವರೇ ನನ್ನನ್ನು ಕಾಲೇಜಿನ ಗೇಟಿಗೆ ಬಿಟ್ಟರು.

ಇದಕ್ಕೆಲ್ಲ ಬೆಲೆ ತೆತ್ತವಳು ಅತ್ತೆ. ಗುಡಿಯಲ್ಲಿ ಅವಳ ಪೂಜೆ ತಟ್ಟೆ ಮುಟ್ಟಬಾರದೆಂದು ದೊಡ್ಡಪ್ಪ ಪೂಜಾರಿಗೆ ಹೇಳಿದರು. ಆಮೇಲೆ ಶುಕ್ರವಾರ ಅವಳು ಕಾಂಪೌಂಡಿನ ಹೊರಗೇ ನಿಂತು ಕೈ ಮುಗಿದು ಬರುತ್ತಿದ್ದಳು. ನಾನು ಕೆರಳಿದರೆ, ಮಾರಮ್ಮನಿಗೆ ದೂರದ್ದೂ ಕಾಣುತ್ತದೆ, ನೀನು ಓದಿಕೋ ಎನ್ನುತ್ತಿದ್ದಳು.

ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ದೇವರ ಭಯವಿಲ್ಲದಿದ್ದರೆ ಮನುಷ್ಯ ನೀತಿಯಿಂದ ಇರುತ್ತಾನಾ ಎಂದು ಮೇಡಂ ಒಂದು ದಿನ ತಮಿಳಿನಲ್ಲಿ ಕೇಳಿದರು. ಇರಲಾರ ಎಂದಿತು ಕ್ಲಾಸು. ನಾನು ಎದ್ದು, ನನ್ನ ಹರಕು ತಮಿಳಿನಲ್ಲಿ, ನಮ್ಮೂರಲ್ಲಿ ಸುಳ್ಳು ಹೇಳುವುದಕ್ಕೇ ಜನ ದೇವರ ಮುಂದೆ ಹೋಗುತ್ತಾರೆ ಎಂದೆ. ಕೆಲವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ದೇವರ ಭಯ ಎಂದು ಪುಸ್ತಕದಲ್ಲಿ ಕಂಡಾಗೆಲ್ಲ ನನಗೆ ಕಾಣುವುದು ದೊಡ್ಡಪ್ಪನ ಅಂಗೈ. ನೀತಿ ಎಂದರೆ ಏನೆಂದು ತಿಳಿಯಲು ನಾನು ಪುಸ್ತಕದವರೆಗೆ ಹೋಗಬೇಕಾಗಿರಲಿಲ್ಲ, ಅದು ನಮ್ಮ ಮನೆಯಲ್ಲೇ ಅವರೆಕಾಯಿ ಸುಲಿಯುತ್ತಿತ್ತು.

ಕೊನೆಯ ಪರೀಕ್ಷೆ ಮುಗಿದ ತಿಂಗಳೇ ಅತ್ತೆ ಹೋಗಿಬಿಟ್ಟಳು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ರಿಸಲ್ಟ್ ಯಾವಾಗ ಎಂದು ನಾಲ್ಕನೇ ಸಲ ಕೇಳಿ ಹೊರಟವಳು ಗುಲಾಬಿ ಕಟ್ಟುಗಳ ಮಧ್ಯೆ ಕುಸಿದಳಂತೆ. ಗುಡಿಗೆ ಎದುರು ನಿಂತವರಿಗೆ ಇಷ್ಟೇ ಆಯಸ್ಸು ಎಂದು ಹೆಣದ ಮುಂದೆ ದೊಡ್ಡಪ್ಪ ಹೇಳಿದರು. ಆಚೆಗೆ ಹೋಗಿ ಎಂದೆ. ನಮ್ಮ ಮನೆಯಲ್ಲಿ ಅವರಿಗೆ ಎದುರು ಮಾತಾಡಿದ ಎರಡನೇ ಹೆಂಗಸು ನಾನು.

ಸರ್ಟಿಫಿಕೇಟು ಬಂದದ್ದು ಮುಂದಿನ ವರ್ಷ. ಅಪ್ಪ ರಜೆ ಹಾಕಿ ಇಸ್ತ್ರಿ ಶರಟು ತೊಟ್ಟು ಜೊತೆಗೆ ಬಂದಿದ್ದರು. ಕಾಲೇಜಿನ ಹೊರಗೆ ಬೇವಿನ ಮರದ ಕೆಳಗೆ ಅದನ್ನು ಅವರ ಕೈಗೆ ಕೊಟ್ಟೆ. ಬೆವರು ತಾಗದ ಹಾಗೆ ಅಂಚು ಹಿಡಿದುಕೊಂಡು, ನನ್ನ ಹೆಸರಿನ ಮುಂದಿದ್ದ ತಮ್ಮ ಇನಿಶಿಯಲ್ ಮೇಲೆ ಕಣ್ಣಿಟ್ಟು ನಿಂತರು.

"ಅವತ್ತು ಗುಡಿ ಮುಂದೆ ನಾನ್ ಮಾತಾಡ್ಬೇಕಾಗಿತ್ತು ಮಗ," ಎಂದರು. "ಅಕ್ಕ ಮಾತಾಡಿದ್ಲು."