ಗುರುಗಳು ಮರೆತಿದ್ದ ಮಾತು

ಅವರ ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬಾಯಿಯ ಬಲಮೂಲೆಯಿಂದ ಮಾತಾಡುತ್ತಿದ್ದರು. ಬೈಯುವುದಿದ್ದರೆ ಮಾತ್ರ ಒಂದೊಂದನ್ನೇ ತೆಗೆದು ಸೆರಗಿಗೆ ಚುಚ್ಚಿಕೊಳ್ಳುವರು. ಮೂರನೆಯ ಸೂಜಿ ಸೆರಗು ಸೇರುವಷ್ಟರಲ್ಲಿ ಹೊಲಿಗೆ ಕಲಿಯಲು ಬಂದ ಹುಡುಗಿಯರೆಲ್ಲ ತಲೆ ತಗ್ಗಿಸಿರುತ್ತಿದ್ದೆವು.

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಅವರ ಅಂಗಡಿ, ಅದರ ಹಿಂದೆಯೇ ಮನೆ. ನಾವು ಅವರನ್ನು ದೊಡ್ಡಕ್ಕ ಎನ್ನುತ್ತಿದ್ದೆವು. ಎದುರಿನ ಮೆಷಿನ್ನಿನಲ್ಲಿ ಕೂರುತ್ತಿದ್ದ ಅವರ ತಂಗಿ ಚಿಕ್ಕಕ್ಕ. ತಾಯಿ ತೀರಿಕೊಂಡಾಗ ಚಿಕ್ಕಕ್ಕನಿಗೆ ನಾಲ್ಕು ವರ್ಷವಂತೆ. ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ಬೆಳೆಸಿದ್ದು ದೊಡ್ಡಕ್ಕನೇ. ಇಬ್ಬರೂ ಮದುವೆಯಾಗಲಿಲ್ಲ.

ದೊಡ್ಡಕ್ಕ ಯಾರ ಮಾತನ್ನೂ ಸುಮ್ಮನೆ ನಂಬುವವರಲ್ಲ. ಜವಳಿ ಅಂಗಡಿಯವನು ಎರಡು ಮೀಟರ್ ಎಂದು ಕೊಟ್ಟ ಬಟ್ಟೆಯನ್ನು ಅವನೆದುರೇ ಅಳೆಯುವರು. ಹಳೇ ಅಳತೆಗೇ ಹೊಲಿಯಿರಿ ಎಂದ ಹೆಂಗಸರನ್ನು ನಿಲ್ಲಿಸಿ ಮತ್ತೆ ಟೇಪು ಸುತ್ತುವರು. "ಅವ್ರು ಹೇಳಿದ್ದನ್ನ ಬರ್ಕೋಬ್ಯಾಡ ಕಣೇ, ಮೈ ಎಷ್ಟೈತೋ ಅದನ್ನ ಬರ್ಕೋ" ಎಂದು ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಆದರೆ ಗುರುಗಳ ಮಾತು ಬೇರೆ. ತುರುವೇಕೆರೆ ರಸ್ತೆಯ ತೆಂಗಿನ ತೋಟವೊಂದರಲ್ಲಿ ಅವರ ಆಶ್ರಮವಿತ್ತು. ಭಾನುವಾರ ಸತ್ಸಂಗ. ನಮ್ಮಪ್ಪನೂ ಅಲ್ಲಿಗೆ ಹೋಗುವವರೇ. ಮಗುವಿಗೆ ಇಡುವ ಹೆಸರಿನಿಂದ ಹಿಡಿದು ಕೊರೆಸುವ ಬೋರ್‌ವೆಲ್ಲಿನವರೆಗೆ ಅಲ್ಲಿ ಅಪ್ಪಣೆಯಾಗಬೇಕು. ನಾನು ಮೊದಲ ಪಿಯುಸಿಯಲ್ಲಿದ್ದಾಗ, ಸತ್ಸಂಗದ ಮನೆಗಳ ಹೆಣ್ಣುಮಕ್ಕಳಿಗೆ ಇನ್ನು ಕಾಲೇಜು ಸಾಕು ಎಂದರು ಗುರುಗಳು. ಅಪ್ಪ ಮನೆಗೆ ಬಂದವರೇ ನನ್ನ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿದರು. ಮಾರನೆಯ ದಿನ ನನ್ನನ್ನು ದೊಡ್ಡಕ್ಕನ ಅಂಗಡಿಯಲ್ಲಿ ಬಿಟ್ಟು ಹೋದರು. ಅಳುತ್ತಾ ಕೂತಿದ್ದ ನನ್ನ ಮಡಿಲಿಗೆ ದೊಡ್ಡಕ್ಕ ಒಂದು ಹಳೆಯ ರವಿಕೆ ಎಸೆದರು. "ಅಳೋದಾದ್ರೆ ಹೊಲಿಗೆ ಬಿಚ್ತಾ ಅಳು" ಎಂದರು.

ಚಿಕ್ಕಕ್ಕ ಮುಂದಿನ ಭಾನುವಾರ ಸತ್ಸಂಗದಲ್ಲಿ ಎದ್ದು ನಿಂತರು.

"ಗುರುಗಳೇ, ಈ ಹುಡ್ಗೀನ ಕಾಲೇಜು ಬಿಡಿಸಿದ್ರಿ. ನಿಮ್ಮ ತಮ್ಮನ ಮಗಳು ಮೈಸೂರಲ್ಲಿ ಓದ್ತಾ ಅವ್ಳಲ್ಲ, ಅದೆಂಗೆ?"

ನನ್ನ ಕಡೆಗೇ ಕೈ ತೋರಿಸಿದ್ದರು. ನನಗೆ ಭೂಮಿಗಿಳಿದು ಹೋದಂತಾಯಿತು. ಗುರುಗಳು ಸಿಟ್ಟಾಗಲಿಲ್ಲ. ನಕ್ಕರು. "ಈ ತಾಯಿಗೆ ಮಾತು ಜಾಸ್ತಿಯಾಗಿದೆ. ಸ್ವಲ್ಪ ದಿನ ಯಾರೂ ಇವರ ಜೊತೆ ಮಾತಾಡಬೇಡಿ, ತಾನಾಗೇ ಇಳಿಯುತ್ತೆ" ಎಂದರು. ಎಲ್ಲರೂ ನಕ್ಕರು. ಭಜನೆ ಶುರುವಾಯಿತು.

ಉಳಿದವರು ಆ ಮಾತನ್ನು ಅಲ್ಲೇ ಬಿಟ್ಟರು. ದೊಡ್ಡಕ್ಕ ಮಾತ್ರ ಆ ಸಂಜೆಯಿಂದ ತಂಗಿಯೊಡನೆ ಮಾತು ನಿಲ್ಲಿಸಿದರು.

ಚಿಕ್ಕಕ್ಕ ಮೊದಲು ತಮಾಷೆ ಎಂದುಕೊಂಡರು. ಊಟಕ್ಕೆ ಕೂತಾಗ "ಅಕ್ಕಾ, ಸಾರಿಗೆ ಉಪ್ಪೇ ಹಾಕಿಲ್ವಲ್ಲ" ಎಂದು ರೇಗಿಸಿದರಂತೆ. ದೊಡ್ಡಕ್ಕ ಅರ್ಧ ಊಟದಲ್ಲೇ ಎದ್ದು ಹೋದರು. ಸೋಮವಾರ ಅಂಗಡಿಯಲ್ಲಿ ನನ್ನನ್ನು ಕರೆದರು. "ಅವ್ಳಿಗೆ ಹೇಳು, ಹಸಿರು ಬ್ಲೌಸಿಗೆ ಹುಕ್ಕು ಹಾಕ್ಬೇಕು."

ಅವಳು ಎಂದರೆ ಎದುರಿಗೇ ಇದ್ದ ತಂಗಿ. ನಾನು ಎದ್ದು ನಾಲ್ಕು ಹೆಜ್ಜೆ ನಡೆದು ಹೇಳಿದೆ. ಆರು ವರ್ಷ ಹಾಗೇ ಹೇಳಿದೆ. ದಾರ ಮುಗಿದಿದ್ದನ್ನು, ಗಿರಾಕಿ ಬಂದಿದ್ದನ್ನು, ಮನೆಯ ಬೀಗದ ಕೈ ಎಲ್ಲಿದೆ ಎಂಬುದನ್ನು.

ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಯಾರೂ ಗುರುಗಳನ್ನು ಕೇಳಲಿಲ್ಲ. ಕೇಳಿದವರ ಗತಿ ಕಣ್ಣೆದುರಿಗೇ ಇತ್ತು. ಕ್ಷಮೆ ಕೇಳಿಬಿಡಿ ಎಂದು ನಾನೇ ಒಮ್ಮೆ ಚಿಕ್ಕಕ್ಕನಿಗೆ ಹೇಳಿದೆ. "ನಾನು ಕೇಳಿದ್ದು ತಪ್ಪು ಅಂತ ನಮ್ಮಕ್ಕ ಬಾಯ್ಬಿಟ್ಟು ಹೇಳ್ಲಿ, ಈಗ್ಲೇ ಹೋಗಿ ಕಾಲಿಗೆ ಬೀಳ್ತೀನಿ" ಎಂದರು. ದೊಡ್ಡಕ್ಕ ಬಾಯಿ ಬಿಡುವಂತಿರಲಿಲ್ಲ.

ಮೂರನೆಯ ವರ್ಷದ ಒಂದು ಮಧ್ಯಾಹ್ನ ಚಿಕ್ಕಕ್ಕನ ತೋರುಬೆರಳಿಗೆ ಮೆಷಿನ್ ಸೂಜಿ ಇಳಿಯಿತು. ಉಗುರನ್ನು ತೂರಿ ಆಚೆ ಬಂದಿತ್ತು. "ಅಕ್ಕಾ!" ಎಂದು ಕಿರುಚಿದರು. ದೊಡ್ಡಕ್ಕನ ಮೆಷಿನ್ ನಿಂತಿತು. ಅವರು ಅರ್ಧ ಎದ್ದರು. ಮತ್ತೆ ಕೂತರು. ನನ್ನ ಕಡೆ ತಿರುಗಿ, "ಚಕ್ರ ಹಿಂದಕ್ಕೆ ತಿರುಗ್ಸು, ಸೂಜಿ ಮೇಲೆ ಬತ್ತದೆ. ಆಸ್ಪತ್ರೆಗೆ ಕರ್ಕೊಂಡೋಗು" ಎಂದರು. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಚಿಕ್ಕಕ್ಕನ ಮೆಷಿನ್ನಿನ ರಕ್ತವನ್ನೆಲ್ಲ ಒರೆಸಿ, ಹೊಸ ಸೂಜಿ ಹಾಕಿ, ದಾರ ಪೋಣಿಸಿಟ್ಟಿದ್ದರು. ತಂಗಿಯ ಕಡೆ ಮಾತ್ರ ನೋಡಲಿಲ್ಲ. ಆ ದಿನ ಅವರನ್ನು ನಾನು ಮನಸಾರೆ ದ್ವೇಷಿಸಿದೆ. ಆದರೂ ಮರುದಿನ ಬೆಳಗ್ಗೆ ಅವರ ಮಾತುಗಳನ್ನು ಮೊದಲಿನಂತೆಯೇ ಹೊತ್ತೆ.

ಆರನೆಯ ವರ್ಷ ಚಿಕ್ಕಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ತಿಳಿಯುವಷ್ಟರಲ್ಲಿ ಮೀರಿಹೋಗಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮರುದಿನ ದೊಡ್ಡಕ್ಕ ಒಂದು ತೆಂಗಿನಕಾಯಿ ಹಿಡಿದು ಆಶ್ರಮಕ್ಕೆ ಹೊರಟರು. ನಾನೂ ಜೊತೆಗೆ ಹೋದೆ.

"ಗುರುಗಳೇ, ನನ್ನ ತಂಗಿ ಹತ್ರ ಮಾತಾಡಕ್ಕೆ ಅಪ್ಪಣೆ ಕೊಡ್ಬೇಕು. ಅವ್ಳು ಉಳಿಯಲ್ಲ."

"ಯಾವ ತಂಗಿ? ಮಾತಾಡಬೇಡ ಅಂದವರಾರು?" ಎಂದರು ಗುರುಗಳು.

ದೊಡ್ಡಕ್ಕ ಎಲ್ಲವನ್ನೂ ಹೇಳಿದರು. ಗುರುಗಳು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. "ನಾನಾ? ಹಾಗಂದಿದ್ದೆನಾ? ತಮಾಷೆಗೆ ಏನೋ ಅಂದಿರಬೇಕು. ಹೋಗಮ್ಮ, ಮಾತಾಡು ಹೋಗು" ಎಂದು ಪ್ರಸಾದದ ಬಾಳೆಹಣ್ಣು ಕೊಟ್ಟರು. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು.

ದೊಡ್ಡಕ್ಕ ಮನೆಗೆ ಬಂದವರೇ ತಂಗಿಯ ಮಂಚದ ಪಕ್ಕ ಕುಸಿದು ಕೂತು, "ಪುಟ್ಟೀ" ಎಂದರು.

ಚಿಕ್ಕಕ್ಕ ಕಣ್ಣು ಬಿಟ್ಟರು. ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಗುರುಗಳು ಏನಂದ್ರಂತೆ ಕೇಳು."

"ಅವ್ರಿಗೆ ನೆನಪೇ ಇಲ್ಲ ಕಣೇ" ಎಂದು ದೊಡ್ಡಕ್ಕ ಅತ್ತರು.

ಚಿಕ್ಕಕ್ಕ ನಕ್ಕರು. ನಗು ಕೆಮ್ಮಾಗಿ, ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನನಗೇ ಹೇಳಿದರು: "ನಂಗೈತೆ ಅಂತ ಹೇಳು ಅವ್ಳಿಗೆ."

ನಾನು ತಿರುಗಿ, "ಚಿಕ್ಕಕ್ಕನಿಗೆ ನೆನಪೈತಂತೆ" ಎಂದೆ. ಅದು ನನ್ನ ಬಾಯಿಂದ ತಾನಾಗಿ ಬಂತು.

ಚಿಕ್ಕಕ್ಕ ಇನ್ನು ಮೂರು ದಿನ ಇದ್ದರು. ಅಕ್ಕ ಪಕ್ಕದಲ್ಲೇ ಕೂತು ಕರೆಯುತ್ತಿದ್ದರು, ಬಾಲ್ಯದ ಕಥೆ ಹೇಳುತ್ತಿದ್ದರು, ಬೇಡುತ್ತಿದ್ದರು. ನೀರು ಬೇಕಾದರೂ ಚಿಕ್ಕಕ್ಕ ನನ್ನನ್ನೇ ಕೇಳಿದರು.

ಕರ್ಮಾಂತರ ಮುಗಿದ ಮೊದಲ ಭಾನುವಾರ ದೊಡ್ಡಕ್ಕ ಸತ್ಸಂಗಕ್ಕೆ ಹೊರಟು ನಿಂತಾಗ ನನಗೆ ತಡೆಯಲಾಗಲಿಲ್ಲ. "ಇನ್ನೂ ಅಲ್ಲಿಗೆ ಹೋಗ್ತೀರಾ?" ಎಂದು ಕೂಗಿದೆ.

ಅವರು ಚಪ್ಪಲಿ ಮೆಟ್ಟುತ್ತಲೇ ಹೇಳಿದರು. "ಗುರುಗಳ ಮಾತು ನಡೆಸ್ದೆ ಅಂದ್ಕೊಂಡ್ರೆ ಎರಡು ತುತ್ತು ಅನ್ನ ಇಳೀತದೆ. ಅದು ಮಾತೇ ಅಲ್ಲ, ತಮಾಷೆ ಅಂದ್ರೆ, ಆರು ವರ್ಷ ನನ್ನ ಮಗೂನ ಸಾಯಿಸ್ದೋರು ಯಾರು? ನೀನೇ ಹೇಳು."

ಆಮೇಲೆ ಇಪ್ಪತ್ತು ವರ್ಷ ಬದುಕಿದರು, ಹಾಸಿಗೆ ಹಿಡಿಯುವವರೆಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅಂಗಡಿಯನ್ನು ನನ್ನ ಹೆಸರಿಗೆ ಮಾಡಿದರು. ತೋಳು ಎಳೆಯದಂತೆ ಕತ್ತರಿಸುವುದು, ಬಾಣಂತಿಯ ರವಿಕೆಗೆ ಮುಂದೆ ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆ ಬಿಡುವುದು, ನನ್ನ ಕೈಗೆ ಬರುವುದೆಲ್ಲ ಅವರು ಕಲಿಸಿದ್ದು. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಿರುವುದೂ ಆ ಅಂಗಡಿಯ ದುಡಿಮೆಯಲ್ಲೇ.

ಕಳೆದ ವರ್ಷ ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ಅವರ ತಲೆ ಬಾಚುತ್ತಿದ್ದೆ.

"ಒಂದ್ಮಾತು ಕೇಳ್ಲಾ?" ಎಂದರು.

"ಕೇಳಿ ಅಕ್ಕ."

"ಆ ಮೊದಲ್ನೇ ದಿನ, ಹುಕ್ಕು ಹಾಕಕ್ಕೆ ಅವ್ಳಿಗೆ ಹೇಳು ಅಂದ್ನಲ್ಲ. ಎದುರಿಗೇ ಅವ್ಳೆ, ನೀವೇ ಹೇಳ್ಕಳಿ ಅಂತ ಯಾಕೆ ಅನ್ಲಿಲ್ಲ ನೀನು? ಅಂದಿದ್ರೆ ಸಂಜೆಗೇ ಸೋತು ಮಾತಾಡ್‌ಬುಡ್ತಿದ್ದೆ ಕಣೇ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು.

"ನೀವು ಹೇಳಿದ್ರಲ್ಲ ಅಕ್ಕ" ಎಂದೆ.

"ಹೂಂ" ಎಂದು ಗೋಡೆ ಕಡೆ ತಿರುಗಿದರು. ಆಮೇಲೆ ಬದುಕಿದ್ದ ಎರಡು ದಿನ ನನ್ನೊಡನೆಯೂ ಮಾತಾಡಲಿಲ್ಲ.